ಎಡಗೈ ಎತ್ತುವವರು

ಚೂಡಾಮಣಿ ಅಹಂಕಾರಿ. ಅದನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ. ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದಂದಿನಿಂದ "ನನಗೆ ಗೊತ್ತಿಲ್ಲ" ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲದ ಸಂಗತಿ ಎದುರಾದರೆ ಆಕೆ ಸುಮ್ಮನಿರುತ್ತಿದ್ದಳು. ಆ ಮೌನವೂ ಎದುರಿನವರದೇ ತಪ್ಪು ಎನ್ನುವಂತಿರುತ್ತಿತ್ತು.

ತರಬೇತಿ ಶಾಲೆ ಇದ್ದದ್ದು ಜಯನಗರದಲ್ಲಿ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬಡಾವಣೆ ಎಂದರೆ ಅಗಲವಾದ ರಸ್ತೆಗಳು, ಅವುಗಳ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಮನೆ, ಉಳಿದಂತೆ ಮೂಲೆಗೊಂದು ಕಲ್ಲು ನೆಟ್ಟ ಖಾಲಿ ಸೈಟುಗಳು. ಸಂಜೆ ಬಸ್ಸಿಳಿದವರು ಮನೆ ಮುಟ್ಟುವವರೆಗೆ ತಮ್ಮ ಚಪ್ಪಲಿಯ ಸದ್ದನ್ನೇ ಕೇಳಿಕೊಂಡು ನಡೆಯಬೇಕಿತ್ತು. ಅಂಥದೊಂದು ರಸ್ತೆಯ ಪುಟ್ಟ ಮನೆಯಲ್ಲಿ ಚೂಡಾಮಣಿ ಒಬ್ಬಳೇ ಇದ್ದಳು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಬಸವನಗುಡಿಯ ಅಣ್ಣನ ಮನೆ ಬಿಟ್ಟು ಬಂದಿದ್ದಳು. ಜಗಳವಾಡಿ ಬಂದದ್ದಲ್ಲ. ಆ ಮನೆಯಲ್ಲಿ ಆಕೆಗೆಂದು ಒಂದು ಕುರ್ಚಿ ಇರಲಿಲ್ಲ, ಅಷ್ಟೇ.

ಇಲ್ಲಿ ಕುರ್ಚಿ ಇತ್ತು. ಪಕ್ಕದ ಸೈಟಿನಲ್ಲೂ ಮನೆ ಎದ್ದು, ಸಂಸಾರವೊಂದು ಬಂದು ಸೇರಿ ವರ್ಷಗಳಾಗಿದ್ದವು. ಗೋಡೆಯಾಚೆ ರುಬ್ಬುವ ಗುಂಡಿನ ಸದ್ದು, ಮುದುಕರೊಬ್ಬರ ಕೆಮ್ಮು, ಮಗ್ಗಿ ಒಪ್ಪಿಸುವ ಹುಡುಗಿಯ ದನಿ. ಆ ಹುಡುಗಿ ಹದಿಮೂರರ ಮಗ್ಗಿಯಲ್ಲಿ ಯಾವಾಗಲೂ ಒಂದೇ ಕಡೆ ತಪ್ಪುತ್ತಿದ್ದಳು. ಈಚೆ ಕಾಫಿ ಕುಡಿಯುತ್ತಿದ್ದ ಚೂಡಾಮಣಿ ಅದನ್ನು ಮನಸ್ಸಿನಲ್ಲೇ ತಿದ್ದಿ, ಲೋಟ ತೊಳೆದು ಬೋರಲು ಹಾಕುತ್ತಿದ್ದಳು. ಗೃಹಪ್ರವೇಶವಾದ ಹೊಸತರಲ್ಲಿ ಆ ಮನೆಯ ಹೆಂಗಸು ಬಾಗಿಲಿಗೆ ಬಂದು ಹೆಸರು ಕೇಳಿದ್ದಳು. ಚೂಡಾಮಣಿ ಹೇಳಿದಳು, ತಿರುಗಿ ಕೇಳಲಿಲ್ಲ. "ಬರ್ತೀನಿ" ಎಂದು ಹೋದವಳು ಮತ್ತೆ ಬರಲಿಲ್ಲ.

ಚೂಡಾಮಣಿಯ ಕೆಲಸ, ನೋಡುವುದು. ತರಬೇತಿಗೆ ಬಂದ ಹೆಣ್ಣುಮಕ್ಕಳು ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ನಿಜವಾದ ಮಕ್ಕಳ ಮುಂದೆ ಅಭ್ಯಾಸ ಪಾಠಗಳನ್ನು ಕೊಡಬೇಕಿತ್ತು. ಎಲ್ಲ ಪಾಠಗಳನ್ನೂ ಮುಗಿಸಿದವರಿಗೆ ಮಾತ್ರ ಸರ್ಟಿಫಿಕೇಟು. ಪ್ರತಿ ಪಾಠಕ್ಕೂ ಚೂಡಾಮಣಿ ಕೊನೆಯ ಬೆಂಚಿನಲ್ಲಿ, ಕೆಂಪು ಪೆನ್ಸಿಲು ಹಿಡಿದು ಕೂತಿರುತ್ತಿದ್ದಳು. ಪಾಠ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಆದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು.

ಆ ಶಾಲೆಯ ಮಕ್ಕಳೋ, ವರ್ಷಗಟ್ಟಲೆ ಈ ಅಭ್ಯಾಸಕ್ಕೆ ಸಿಕ್ಕಿ ಸಿಕ್ಕಿ ಪಳಗಿದ್ದವು. ಒಂದೇ ಪಾಠವನ್ನು ಐದಾರು ಮಂದಿಯ ಬಾಯಲ್ಲಿ ಕೇಳಿರುತ್ತಿದ್ದವು. ಒಮ್ಮೆ ಒಬ್ಬಾಕೆ ಸುತ್ತಿದ್ದ ಚಿತ್ರಪಟವನ್ನು ಬೆನ್ನ ಹಿಂದೆ ಹಿಡಿದು, "ಮಕ್ಕಳೇ, ಇವತ್ತು ನಾನು ಏನು ತಂದಿದೀನಿ ಹೇಳಿ ನೋಡೋಣ" ಎಂದಳು.

"ಒಂಟೆ ಮಿಸ್!" ಎಂದಿತು ತರಗತಿ. ಮುಂದಿನ ಸಾಲಿನ ಹುಡುಗಿ ಕನಿಕರದಿಂದ ಸೇರಿಸಿದಳು: "ಬಾಲದ ಹತ್ರ ಹರಿದೋಗಿದೆ ಮಿಸ್, ನಿಧಾನಕ್ಕೆ ಬಿಚ್ಚಿ."

ಎಲ್ಲರೂ ನಕ್ಕರು. ಚೂಡಾಮಣಿ ನಗಲಿಲ್ಲ.

ಆ ವರ್ಷದ ತಂಡದಲ್ಲಿ ನಾರಾಯಣಮ್ಮ ಎಂಬ ಹುಡುಗಿ ಇದ್ದಳು. ಕೋಣನಕುಂಟೆಯ ರೈತರ ಮನೆಯವಳು. ಯಡಿಯೂರಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಡೆದು ಬರುತ್ತಿದ್ದಳು. ಇಲ್ಲಿಗೆ ಬರುವ ಮೊದಲೇ ಊರಿನ ಗುಡಿಯ ಜಗುಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎರಡು ವರ್ಷ ಪಾಠ ಹೇಳಿದ್ದಳು. ಅದೀಗ ಸರ್ಕಾರಿ ಶಾಲೆಯಾಗಿತ್ತು. ಜೂನ್ ತಿಂಗಳೊಳಗೆ ನಾರಾಯಣಮ್ಮ ಸರ್ಟಿಫಿಕೇಟು ತಂದರೆ ಆ ಜಾಗ ಅವಳದು. ಇಲ್ಲದಿದ್ದರೆ ತರಬೇತಾದ ಬೇರೆ ಯಾರನ್ನಾದರೂ ಹಾಕುತ್ತಾರೆ. ತಾನು ಅ ಆ ತಿದ್ದಿಸಿದ ಮಕ್ಕಳ ಮುಂದೆ ಇನ್ನೊಬ್ಬರು ನಿಲ್ಲುವುದನ್ನು ನೆನೆದರೇ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೊದಮೊದಲ ಪಾಠಗಳು ಹೇಗೋ ಸಾಗಿದವು. ಎಡವಟ್ಟಾದದ್ದು ಗಣಿತದ ಪಾಠದಲ್ಲಿ. ನಾರಾಯಣಮ್ಮ ಪ್ರಶ್ನೆ ಕೇಳಿದೊಡನೆ ತರಗತಿಯ ಅಷ್ಟೂ ಮಕ್ಕಳು ಕೈ ಎತ್ತಿದವು. ಎರಡನೆಯ ಪ್ರಶ್ನೆಗೂ ಹಾಗೆಯೇ. ಕೊನೆಯ ಬೆಂಚಿನಿಂದ ನೋಡುತ್ತಿದ್ದ ಚೂಡಾಮಣಿಯ ಪೆನ್ಸಿಲು ಗಕ್ಕನೆ ನಿಂತಿತು. ಎತ್ತಿದ ಕೈಗಳಲ್ಲಿ ಅರ್ಧಕ್ಕರ್ಧ ಎಡಗೈಗಳು.

ಪಾಠ ಮುಗಿಯಿತು. ಎಲ್ಲರೂ ಸೇರಿದರು.

"ಬೋರ್ಡಿಗೆ ಮುಖ ಮಾಡಿ ಮಾತಾಡ್ತೀರಿ. ನಿಮ್ಮ ಮಾತು ಗೋಡೆಗೆ ಕೇಳುತ್ತೆ, ಮಕ್ಕಳಿಗಲ್ಲ" ಎಂದು ಶುರುಮಾಡಿದಳು ಚೂಡಾಮಣಿ. "ಪ್ರಶ್ನೇನೂ ನಿಮ್ಮದೇ, ಉತ್ತರಾನೂ ನಿಮ್ಮದೇ. ಇನ್ನು ಆ ಕೈ ಎತ್ತಿಸಿದ್ದು. ಅದೇನು?"

ಯಾರೋ ಕಿಸಕ್ಕೆಂದರು. ನಾರಾಯಣಮ್ಮ ಎದ್ದು ನಿಂತಳು. "ಗೊತ್ತಿದ್ದೋರು ಬಲಗೈ ಎತ್ತಿ, ಗೊತ್ತಿಲ್ದೋರು ಎಡಗೈ ಎತ್ತಿ ಅಂದಿದ್ದೆ ಮೇಡಂ."

"ಯಾಕೆ? ಎಲ್ಲರಿಗೂ ಎಲ್ಲಾ ಬರುತ್ತೆ ಅಂತ ನನಗೆ ಕಾಣಲಿ ಅಂತಲೋ?"

"ಹೌದು ಮೇಡಂ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಚೂಡಾಮಣಿ ಎಣಿಸಿರಲಿಲ್ಲ.

"ಆದ್ರೆ ಅದಕ್ಕೊಂದಕ್ಕೇ ಅಲ್ಲ" ಎಂದಳು ನಾರಾಯಣಮ್ಮ. "ನಮ್ಮೂರಲ್ಲೂ ಹಂಗೇ ಮಾಡ್ತಿದ್ದೆ. ಉತ್ತರ ಬರೋರು ಹೆಂಗಿದ್ರೂ ಬಾಯಿ ಮಾಡ್ತಾರೆ. ಬರ್ದೇ ಇರೋರು ಕೈ ಕಟ್ಕೊಂಡು ಕೂತ್ಬಿಟ್ರೆ ನಂಗೆ ಹೆಂಗ್ ತಿಳೀಬೇಕು? ಅವ್ರಿಗೂ ಎತ್ತೋಕೆ ಒಂದ್ ಕೈ ಬೇಡ್ವಾ ಮೇಡಂ?"

"ಮೋಸಕ್ಕೆ ಚೆನ್ನಾಗಿರೋ ಹೆಸರು ಹುಡುಕಿದೀರಿ. ಈ ಪಾಠ ಲೆಕ್ಕಕ್ಕಿಲ್ಲ. ಇದರ ಬದಲು ಇನ್ನೊಂದು ಕೊಡಿ. ಕೂತ್ಕೊಳಿ."

ನಾರಾಯಣಮ್ಮ ಕೂರಲಿಲ್ಲ. "ಒಂದು ಕೇಳ್ಲಾ ಮೇಡಂ? ನಿಮಗೆ ಪಾಠ ಮಾಡೋದನ್ನ ಯಾರು ಹೇಳ್ಕೊಟ್ರು?"

ಚೂಡಾಮಣಿ ಎಂ.ಎ. ಮಾಡಿ ನೇರವಾಗಿ ಈ ಹುದ್ದೆಗೆ ಬಂದವಳು. ಸಣ್ಣ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ಒಂದು ದಿನವೂ ನಿಂತವಳಲ್ಲ. ಆಕೆ ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ಅದೇ ವಾರ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಹಳ್ಳಿಗಳಲ್ಲಿ ಈಗಾಗಲೇ ಪಾಠ ಹೇಳಿ ಅನುಭವ ಇರುವವರಿಗೆ ಅಭ್ಯಾಸ ಪಾಠದಿಂದ ವಿನಾಯಿತಿ ಕೊಡಬಹುದೇ, ಅಭಿಪ್ರಾಯ ತಿಳಿಸಿ ಎಂದು. ಮುಖ್ಯಸ್ಥೆ ಕಮಲಾದೇವಿ ಎಲ್ಲರನ್ನೂ ಕರೆದರು.

"ಕೊಡಬಹುದು, ಧಾರಾಳವಾಗಿ" ಎಂದರು ಮನಶ್ಶಾಸ್ತ್ರ ಹೇಳುತ್ತಿದ್ದ ಅನಂತರಾಮು. "ಈಜು ಬರೋವ್ರನ್ನ ಮತ್ತೆ ಮೊಣಕಾಲುದ್ದ ನೀರಲ್ಲಿ ಯಾಕೆ ನಿಲ್ಲಿಸ್ತೀರಿ? ಆ ಮಕ್ಕಳೂ ಪಾಪ, ಒಂಟೆ ನೋಡಿ ನೋಡಿ ಸಾಕಾಗಿವೆ."

ಉಳಿದವರು ತಲೆಯಾಡಿಸಿದರು.

"ಕೊಡಕೂಡದು" ಎಂದಳು ಚೂಡಾಮಣಿ. "ಅವರು ಪಾಠ ಮಾಡಿದ್ದನ್ನ ನೋಡಿದವರು ಯಾರು? ಬೋರ್ಡಿನ ಜೊತೆ ಮಾತಾಡಿಕೊಂಡೇ ಎರಡು ವರ್ಷ ಕಳೆದರೆ ಅದು ಅನುಭವ ಅಲ್ಲ, ರೂಢಿ. ಹಿಂದೆ ಕೂತು ನೋಡಿ ಹೇಳೋರು ಒಬ್ಬರು ಇರಬೇಕು. ಯಾರೂ ನೋಡದೆ ಇದ್ದರೆ ತಾನು ಮಾಡ್ತಿರೋದೇ ಸರಿ ಅಂತ ಮನುಷ್ಯ ಸಾಯೋವರೆಗೂ ನಂಬಿಕೊಂಡಿರ್ತಾನೆ."

"ಹಂಗಾದ್ರೆ ನಮ್ಮ ಹಿಂದೆ ಯಾರನ್ನ ಕೂರಿಸೋಣ, ಚೂಡಾಮಣಿಯವರೇ?" ಎಂದರು ಅನಂತರಾಮು. ನಗು ಎದ್ದಿತು.

ಕಮಲಾದೇವಿ ನಗಲಿಲ್ಲ. "ನಿಮ್ಮೊಬ್ಬರ ಅಭಿಪ್ರಾಯ ಬೇರೆ ಅಂತ ಬರೀತೀನಿ" ಎಂದರು. ಹೇಗೂ ಇಲಾಖೆಯ ಉತ್ತರ ಈ ತಂಡ ಮುಗಿಯುವುದರೊಳಗೆ ಬರುವ ಹಾಗಿರಲಿಲ್ಲ.

ಆ ದಿನ ಸಂಜೆ ಚೂಡಾಮಣಿ ಒಬ್ಬಳೇ ಅಶೋಕ ಸ್ತಂಭದವರೆಗೆ ನಡೆದು ಹೋಗಿ, ಅಲ್ಲಿ ಮಾಡಬೇಕಾದದ್ದು ಏನೂ ಇಲ್ಲವಾದ್ದರಿಂದ ವಾಪಸು ನಡೆದು ಬಂದಳು. ಗೋಡೆಯಾಚೆ ಹುಡುಗಿ ಮಗ್ಗಿ ಹೇಳುತ್ತಿದ್ದಳು. ಹದಿಮೂರರದು ಈ ಸಲ ತಪ್ಪಲಿಲ್ಲ. ಯಾರೋ ಹೇಳಿಕೊಟ್ಟಿದ್ದರು. ತಿದ್ದುವುದಕ್ಕೆ ಏನೂ ಉಳಿಯದೆ ಚೂಡಾಮಣಿ ತಣ್ಣಗಾದ ಕಾಫಿಯನ್ನು ಹಾಗೇ ಚೆಲ್ಲಿದಳು.

ನಾರಾಯಣಮ್ಮ ರದ್ದಾದ ಪಾಠದ ಬದಲಿಗೆ ಬೇರೆ ಪಾಠ ಸಿದ್ಧಮಾಡಿಕೊಂಡಳು. 'ನಮ್ಮ ನೆರೆಹೊರೆ', ಎರಡನೆಯ ತರಗತಿಗೆ. ಅಷ್ಟರಲ್ಲಿ ಅವಳು ಬೋರ್ಡಿಗೆ ಬೆನ್ನು ಮಾಡಿ ನಿಲ್ಲುವುದನ್ನು ಕಲಿತಿದ್ದಳು. ಕಲಿಸಿದವಳು ಚೂಡಾಮಣಿಯೇ, ಅದೂ ಬೈದು. ಆದರೆ ಸರದಿ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಅಭ್ಯಾಸ ಪಾಠದ ಕೊನೆಯ ದಿನ. ಮರುದಿನದಿಂದ ಶಾಲೆಯ ಮಕ್ಕಳಿಗೆ ಪರೀಕ್ಷೆ. ತರಬೇತಿಯವರ ಅಂಕಗಳು ಅಂದು ಸಂಜೆಯೇ ಇಲಾಖೆಗೆ ಹೋಗಬೇಕು.

ಆ ದಿನ ಮಧ್ಯಾಹ್ನ ಹಳೆಯ ಮಂತ್ರಿಯೊಬ್ಬರು ತೀರಿಕೊಂಡರೆಂದು ರೇಡಿಯೋದಲ್ಲಿ ಬಂತು. ಶಾಲೆಗೆ ರಜೆ ಕೊಟ್ಟರು. ಮಕ್ಕಳು ಸತ್ತವರು ಯಾರೆಂದು ಕೇಳುವ ಗೊಡವೆಗೆ ಹೋಗದೆ ಕೂಗುತ್ತಾ ಓಡಿಹೋದವು. ನಾರಾಯಣಮ್ಮ ಚಿತ್ರಪಟದ ಸುರುಳಿ ಹಿಡಿದು ಬರುವಷ್ಟರಲ್ಲಿ ತರಗತಿಗಳು ಬರಿದಾಗಿದ್ದವು.

ಕಮಲಾದೇವಿ ಚೂಡಾಮಣಿಯನ್ನು ಕರೆದು ಬಾಗಿಲು ಮುಂದೆ ಮಾಡಿದರು. "ಒಂದು ಪಾಠ ತಾನೇ. ಆಯ್ತು ಅಂತ ಮಾರ್ಕು ಹಾಕ್ಬಿಡಿ. ಯಾರು ಕೇಳ್ತಾರೆ?"

"ಆಗದ ಪಾಠಕ್ಕೆ ಮಾರ್ಕು ಹಾಕಲ್ಲ."

"ಅವಳ ಪಾಠ ರದ್ದು ಮಾಡಿದ್ದು ನೀವೇ. ಆ ಹುಡುಗಿ ಕೆಲಸ ಹೋಗುತ್ತೆ, ಚೂಡಾಮಣಿ."

"ಗೊತ್ತಿದೆ."

"ಮುಂದಿನ ವರ್ಷ ಬಂದು ಕೊಡಲಿ ಅಂತೀರಾ? ಅಷ್ಟರಲ್ಲಿ ಅಲ್ಲಿ ಇನ್ಯಾರೋ ಬಂದು ಕೂತಿರ್ತಾರೆ." ಕಮಲಾದೇವಿ ಕಾಗದಗಳನ್ನು ಸರಿಸಿ, "ಏನು ಹೆಂಗಸಮ್ಮ ನೀವು!" ಎಂದರು.

ಚೂಡಾಮಣಿ ಹೊರಗೆ ಬಂದಳು. ನಾರಾಯಣಮ್ಮ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಸುರುಳಿಯ ದಾರವನ್ನು ಬಿಚ್ಚುತ್ತಾ ಕಟ್ಟುತ್ತಾ ಇದ್ದಳು. ಚೂಡಾಮಣಿಯನ್ನು ಕಂಡು ಎದ್ದಳು.

"ಬರ್ತೀನಿ ಮೇಡಂ. ನಾಳೆ ಊರಿಗೆ ಹೋಗ್ತೀನಿ."

ಬರ್ತೀನಿ ಎಂದು ಹೋದವರು ಬರುವುದಿಲ್ಲವೆಂಬುದು ಚೂಡಾಮಣಿಗೆ ತಿಳಿದಿತ್ತು. ಆಕೆ ಬಿಸಿಲಿನಲ್ಲಿ ಬಿಕೋ ಎನ್ನುತ್ತಿದ್ದ ಆಟದ ಬಯಲನ್ನು ನೋಡಿದಳು. ಆಮೇಲೆ, "ಪಾಠ ಸಿದ್ಧ ಇದೆಯಾ?" ಎಂದಳು.

"ಇದೆ. ಮಕ್ಕಳೇ ಇಲ್ವಲ್ಲ ಮೇಡಂ."

"ಮೇಲ್ವಿಚಾರಕಿ ಎದುರಿಗೆ ತರಗತಿಯಲ್ಲಿ ಪಾಠ ಆಗಬೇಕು ಅಂತ ನಿಯಮ. ಎಷ್ಟು ಮಕ್ಕಳಿರಬೇಕು ಅಂತ ಎಲ್ಲೂ ಇಲ್ಲ. ಬನ್ನಿ."

ಎರಡನೆಯ ತರಗತಿಯ ಬಾಗಿಲು ತೆರೆದೇ ಇತ್ತು. ನಾರಾಯಣಮ್ಮ ಬೋರ್ಡು ಒರೆಸಿ ತಿರುಗಿದಳು. ಚೂಡಾಮಣಿ ಕೊನೆಯ ಬೆಂಚಿಗೆ ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ, ಏಳು ವರ್ಷದವರ ಕುಳ್ಳು ಬೆಂಚಿನ ಮೇಲೆ, ಮೊಣಕಾಲು ಎದೆಗೆ ಬರುವಂತೆ ಕೂತಿದ್ದಳು. ಒಂದು ಸಲ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಮತ್ತೆ ಕೂತಳು.

"ಮಕ್ಕಳೇ..." ಎಂದ ನಾರಾಯಣಮ್ಮ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು ಮೇಡಂ."

"ಮಕ್ಕಳೇ ಅಂತಲೇ ಅನ್ನಿ. ದನಿ ಹಿಂದಿನ ಬೆಂಚಿಗೂ ಕೇಳಬೇಕು."

ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ನಾರಾಯಣಮ್ಮ ಅದನ್ನೇ ನೋಡಿಕೊಂಡು ದನಿ ಎತ್ತರಿಸಿದಳು. ಚಿತ್ರಪಟ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಸಾಲು ಮನೆಗಳು, ಬಾವಿ, ಅಂಗಡಿ, ದನ ಹೊಡೆದುಕೊಂಡು ಹೋಗುವವನು. ಇದು ಯಾರು, ಇದು ಏನು, ನೀರು ಎಲ್ಲಿಂದ ಬರುತ್ತೆ ಎಂದು ಒಂದೊಂದೇ ಕೇಳಿದಳು. ಚೂಡಾಮಣಿ ಪ್ರತಿಯೊಂದಕ್ಕೂ ಎದ್ದು ನಿಂತು, ಪೂರ್ಣ ವಾಕ್ಯದಲ್ಲಿ ಉತ್ತರ ಹೇಳಿ ಕೂತಳು. "ಜಾಣೆ" ಎಂದು ಬಾಯಿ ತಪ್ಪಿ ಹೇಳಿದ ನಾರಾಯಣಮ್ಮನಿಗೆ ನಗು ಬಂತು. ಚೂಡಾಮಣಿ ಹುಬ್ಬು ಗಂಟಿಕ್ಕಿ, "ಮುಂದುವರಿಸಿ" ಎಂದಳು.

ಈಗ ನಾರಾಯಣಮ್ಮನಿಗೆ ಹೆದರಿಕೆ ಹೋಗಿತ್ತು. ಬೋರ್ಡಿಗೆ ಬೆನ್ನು ಕೊಟ್ಟು ಮೇಜಿನ ಮುಂದಕ್ಕೆ ಬಂದು ನಿಂತಳು. ತನ್ನೂರಿನ ಜಗುಲಿಯಲ್ಲಿ ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದಳು.

"ಚಿತ್ರದಲ್ಲಿರೋದು ಆಯ್ತು. ಇನ್ನು ನಿಮ್ಮ ಮನೆ ಕಡೆಗೆ ಬರೋಣ. ನಿಮ್ಮ ಪಕ್ಕದ ಮನೇಲಿ ಯಾರ್ ಯಾರು ಇದಾರೆ? ಅವರ ಹೆಸರೇನು?"

ಕಿಟಕಿಯಾಚೆ ಬಸ್ಸೊಂದು ಹಾದುಹೋಯಿತು. ಅದರ ಸದ್ದು ಪೂರಾ ಅಡಗುವವರೆಗೆ ಚೂಡಾಮಣಿ ಚಿತ್ರಪಟದ ಸಾಲು ಮನೆಗಳನ್ನೇ ನೋಡುತ್ತಾ ಸುಮ್ಮನೆ ಕೂತಿದ್ದಳು. ನಾರಾಯಣಮ್ಮ ಕಾದಳು. ಉತ್ತರವನ್ನು ತಾನೇ ಹೇಳಿಬಿಡಬಾರದೆಂದು ಅವಳಿಗೆ ಈ ತರಗತಿಯಲ್ಲೇ ಕಲಿಸಿದ್ದರು.

ಚೂಡಾಮಣಿ ಕೈ ಎತ್ತಿದಳು. ಕೆಂಪು ಪೆನ್ಸಿಲು ಹಿಡಿದ ಬಲಗೈ ಮಡಿಲಲ್ಲೇ ಇತ್ತು.