ಎರಡು ನಮೂನಿ ಡಿಸ್ಕು, ಒಂದು ಮದುವಿ

ನನ್ನ ಮದುವಿ ನಮ್ಮಪ್ಪ ನೋಡಲಿಲ್ಲ. ಊರಾಗೇ ಇದ್ದ, ಚಪ್ಪರದ ಹಿಂದೇ ಇದ್ದ, ಆದ್ರೂ ನೋಡಲಿಲ್ಲ. ಠಾಣಾ ಕುಶನೂರಿನ ಕಡಿ ನಮ್ಮೂರು. ಅಲ್ಲಿ ಹೆಣ್ಣಿನಪ್ಪ ಅಂದ್ರ ಅಡಗಿ ಕಾಯೂ ಮನಷ್ಯಾ. ಹುಗ್ಗಿ ತಳ ಹಿಡೀಬಾರದು, ಬೀಗರ ಎಲಿಗೆ ತುಪ್ಪ ಕಮ್ಮಿ ಬೀಳಬಾರದು. ಅಕ್ಕಿಕಾಳು ಬೀಳೂ ಹೊತ್ತಿಗೆ ಅಂವ ಹುಗ್ಗಿ ಕೊಳಗದ ಮುಂದ ನಿಂತು ಯಾರಿಗೋ ಬೈಲಿಕ್ಕತ್ತಿದ್ದ. "ವಿಡಿಯೋದಾಗ ನೋಡ್ತೇನಿ ಬಿಡವ್ವಾ, ಆರಾಮ ಕೂತು ನೋಡ್ತೇನಿ" ಅಂತ ನನ್ನ ಗಂಡನ ಮನಿಗೆ ಕಳಿಸೂ ಮುಂದ ಅಂದ.

ವಿಡಿಯೋದಂವ ಬೀದರಿನವ, ಹೊಸ ಕ್ಯಾಮೆರಾ ತಂದಿದ್ದ. ನಾ ಭಾಲ್ಕಿಯೊಳಗ ಸಂಸಾರ ಹೂಡಿ, ಸಾಲಿ ನೌಕರಿಗೆ ಹೊಳ್ಳಿ ಹೋಗಲಿಕ್ಕ ಸುರು ಮಾಡಿದ ಮ್ಯಾಲ ಒಂದಿನ ಅವನ ದುಕಾನಿಗೆ ಹೋದ್ರ, ಹೊಸ ರಾಗ ತೆಗದ.

"ಅಕ್ಕಾವ್ರೇ, ಮಾಮೂಲಿ ಡಿವಿಡಿಗೆ ಹಾಕಿದ್ರ ಚಿತ್ರ ಮಬ್ಬ ಆಗ್ತದ್ರಿ. ಈಗ ಎರಡು ನಮೂನಿ ಹೊಸ ಡಿಸ್ಕು ಬಂದಾವ. ಒಂದು ಬ್ಲೂ-ರೇ, ಇನ್ನೊಂದು ಎಚ್‌ಡಿ ಡಿವಿಡಿ. ಇದರದ್ದು ಅದರ ಮಷಿನ್ನಿನಾಗ ಓಡಂಗಿಲ್ಲ. ಯಾವುದು ಬೇಕು ಹೇಳ್ರಿ, ಹೈದರಾಬಾದಿನಾಗ ಮಾಡಿಸಿ ಕೊಡ್ತೇನಿ."

"ಎರಡರಾಗ ಯಾವುದು ಉಳೀತದ?"

"ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ನನಗ ನೆತ್ತಿಗೇರಿತು. ಗೊತ್ತಿಲ್ಲದಂವ ಮಾರಲಿಕ್ಕ ಯಾಕ ಕೂತಾನ? ಡಿಸ್ಕು ಮಾಡಿದವರೇ ನಂದು ಮ್ಯಾಲ, ನಿಂದು ಮ್ಯಾಲ ಅಂತ ಜಗ್ಗ್ಯಾಡಲಿಕ್ಕತ್ತಾರ, ನಡುವ ನಾವ್ಯಾಕ ತಲಿ ಹಾಕಬೇಕು?

ಅಪ್ಪಗ ಫೋನ್ ಮಾಡಿ ಹೇಳಿದೆ. ಅಪ್ಪ ಕುರಿ ಸಾಕಿ ಬಾಳಿದವ. ಟಗರು ಕೊಳ್ಳೂವಾಗ ಅವಂದೊಂದು ಕಾಯ್ದೆ. ಮೊದಲನೇ ಸಂತಿಗೆ ಬರೇ ಹಲ್ಲು ನೋಡೂದು, ಎರಡನೇ ಸಂತಿಗೆ ನಡಿಗಿ ನೋಡೂದು, ಮೂರನೇ ಸಂತಿಗೂ ಅದು ಗಟ್ಟಿ ನಿಂತಿದ್ರ ಆಗ ಮಾತು. ರೋಗದ ಟಗರು ಅಷ್ಟರಾಗ ಬಯಲಾಗ್ತದ.

"ತಡಿ. ಎರಡರಾಗ ಒಂದು ಬೀಳಲಿ. ನಿಂತದ್ದು ಕೊಳ್ಳೂಣು" ಅಂದ.

ಎಷ್ಟು ಹೆಮ್ಮಿ ಅನಿಸ್ತು ಅಂದ್ರ, ಸಾಲಿಯೊಳಗ ಎಲ್ಲಾರಿಗೂ ಹೇಳಿಕೋತ ತಿರಗಿದೆ. ನನ್ನ ಗಂಡ ಮಾತ್ರ, "ಮಾಮೂಲಿ ಡಿಸ್ಕಿನಾಗೇ ಮಾಡ್ಸು, ಮಾವ ನೋಡ್ಲಿ" ಅಂದ್ರು. "ನಮ್ಮಪ್ಪಗ ಮಬ್ಬ ತೋರಸ್ಲೇನು? ನೋಡಿದ್ರ ಚೊಕ್ಕ ನೋಡಬೇಕು, ಇಲ್ಲಾಂದ್ರ ಬ್ಯಾಡ" ಅಂತ ಹರಿಹಾಯ್ದೆ.

ತಿಂಗಳು ಹೋದವು. ಅಪ್ಪ ಫೋನ್ ಮಾಡಿದಾಗೊಮ್ಮೆ, "ಏನಾತವ್ವಾ, ಯಾವುದು ಬಿತ್ತು?" ಅಂತಿದ್ದ. "ಇನ್ನೂ ಎರಡೂ ನಿಂತಾವ ಅಪ್ಪಾ" ಅಂತಿದ್ದೆ. "ಹೂಂ, ತಡಿಯೂಣು." ಮೊದಮೊದಲು ತಿಂಗಳಿಗೊಮ್ಮೆ ಕೇಳ್ತಿದ್ದ. ಆಮ್ಯಾಲ ವಾರಕ್ಕೊಮ್ಮೆ. ಆಮ್ಯಾಲ ದಿನಾ. ನಾ ನಕ್ಕೆ, ಅಪ್ಪಗ ಮಷಿನ್ನಿನ ಹುಚ್ಚು ಹತ್ತೇದ ಅಂತ. ಹುಚ್ಚಿ ನಾನು!

ಪಂಚಮಿಗೆ ತವರಿಗೆ ಹೋದೆ. ಅಪ್ಪ ಕಪ್ಪಿನಿಂದ ಬಸಿಗೆ ಚಾ ಸುರಕೊಳ್ಳಲಿಕ್ಕ ಹೋದ, ಚಾ ಎಲ್ಲಾ ಧೋತ್ರದ ಮ್ಯಾಲ ಬಿತ್ತು. ಬಿದ್ದದ್ದೂ ಅವಗ ಕಾಣಲಿಲ್ಲ. ಸುಟ್ಟ ಮ್ಯಾಲ ತಿಳೀತು. ಅವ್ವ ನನ್ನ ಒಳಗ ಕರಕೊಂಡು ಹೋಗಿ ಹೇಳಿದಳು. ಸಕ್ರಿ ಬ್ಯಾನಿ ಕಣ್ಣಿಗೆ ಇಳದದ, ಒಂದು ಹೋಗ್ಯದ, ಇನ್ನೊಂದು ಹೊಂಟದ, ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾನ.

ಹೊರಗ ಬಂದು ಅಪ್ಪನ ಮ್ಯಾಲ ಚೀರಿದೆ. "ಮತ್ತ ತಡಿ ತಡಿ ಅಂತ ಯಾಕಂದಿ?"

"ಕಾಯ್ದೆ ಅಂದ್ರ ಕಾಯ್ದೆ. ನನ್ನ ಕಣ್ಣಿನ ಸಲುವಾಗಿ ಮುರೀಲೇನು?" ಅಂದ, ಧೋತ್ರ ಒರಸಿಕೋತ.

ಮುಂಜಾನಿ ಮೊದಲ ಬಸ್ಸಿಗೆ ಔರಾದಿಗೆ ಬಂದು, ಅಲ್ಲಿಂದ ಬೀದರಿಗೆ ಹೋದೆ. ವಿಡಿಯೋದಂವ ಇನ್ನೂ ಶಟರ್ ಎತ್ತಲಿಕ್ಕತ್ತಿದ್ದ. "ಮಾಮೂಲಿ ಡಿಸ್ಕಿಗೇ ಹಾಕು. ಇವತ್ತೇ ಬೇಕು."

"ಅಕ್ಕಾವ್ರೇ, ಮಬ್ಬ..."

"ಮಬ್ಬೇ ಇರ್ಲಿ! ಕೊಡೂತನಕ ನಾ ಇಲ್ಲಿಂದ ಏಳಂಗಿಲ್ಲ." ಸಂಜೀತನಕ ಅವನ ಸ್ಟೂಲಿನ ಮ್ಯಾಲೇ ಕೂತೆ. ಡಿಸ್ಕು ಕೈಗೆ ಬಂದ ಮ್ಯಾಲೇ ಎದ್ದೆ.

ಮರುದಿನ ತವರಮನಿಯ ಹಳೇ ಪ್ಲೇಯರಿಗೆ ಹಾಕಿದೆ. ಅಪ್ಪ ಟಿವಿಗೆ ಗೇಣು ದೂರದಾಗ ಕೂತ. "ಕೆಂಪಗ ಏನೋ ಅಲ್ಲಾಡ್ತದ. ನೀನೇನು?" ಅಂದ. ಅದು ಚಪ್ಪರದ ಅರಿವಿ. "ಹೂಂ, ನಾನೇ" ಅಂದೆ.

ಅಲ್ಲಿಂದ ಒಂದೊಂದೇ ಹೇಳಿಕೋತ ಹೋದೆ. ಈಗ ಅರಿಷಿಣ ಹಚ್ಚಲಿಕ್ಕತ್ತಾರ, ಈಗ ಬಾಸಿಂಗ ಕಟ್ಟಿದ್ರು, ಈಗ ಅಕ್ಕಿಕಾಳು ಬಿದ್ದವು.

"ನಾ ಎಲ್ಲಿದ್ದೇನಿ?"

ಅಪ್ಪ ಇರಲೇ ಇಲ್ಲ. ಇಡೀ ಡಿಸ್ಕಿನಾಗ ಅವನ ಬೆನ್ನು ಒಂದು ಸಲ, ಅದೂ ಹೊಗಿಯೊಳಗ.

"ನನ್ನ ಹಿಂದೇ ನಿಂತಿದ್ದಿ ಅಪ್ಪಾ. ನನ್ನ ನೆತ್ತಿ ಮ್ಯಾಲ ಕೈ ಇಟ್ಟಿದ್ದಿ."

"ನಾ ಕೊಳಗದ ಹತ್ರ ಇದ್ದೆನಲ್ಲ?"

"ಯಾರೋ ಕರದ್ರು, ಓಡಿ ಬಂದಿ. ಗದ್ದಲದಾಗ ನಿನಗ ಮರ್ತದ."

ಅವ್ವ ಸೆರಗು ಬಾಯಿಗೆ ಒತ್ತಿ ಹಿಡಕೊಂಡಳು. ಅಪ್ಪ ಟಿವಿ ಕಡಿ ಇನ್ನಷ್ಟು ಜರಗಿದ. "ಬಂದಿದ್ನೇನು," ಅಂದ. "ಚೊಲೋ ಆತು ನೋಡು."

ಮುಂದ ಕೆಲವು ತಿಂಗಳಿಗೆ ಆ ಎರಡರಾಗ ಒಂದು ಬಿತ್ತು. ನಿಂತದ್ದನ್ನ ನಾ ಕೊಳ್ಳಲಿಲ್ಲ, ಇವತ್ತಿಗೂ ಕೊಂಡಿಲ್ಲ. ಆ ಮಾಮೂಲಿ ಡಿಸ್ಕಿನ ಮೈಯೆಲ್ಲಾ ಈಗ ಗೀಚು. ತವರಿಗೆ ಹೋದಾಗೊಮ್ಮೆ ಅಪ್ಪ ಹಾಕು ಅಂತಾನ, ನಾ ಅದೇ ಜಾಗದಾಗ ಅದೇ ಸುಳ್ಳು ಒಂದಕ್ಷರ ತಪ್ಪದಂಗ ಹೇಳ್ತೇನಿ. ಈಗೀಗ ನಾ ಬಾಯಿ ತೆಗಿಯೂಕಿಂತ ಮೊದಲೇ ಅಪ್ಪ ಕೈ ಎತ್ತತಾನ. "ಸುಮ್ಮಿರು, ನೋಡು," ಅಂತಾನ, "ಈಗ ನಾ ಬರ್ತೇನಿ."