ಮಿಸ್ರಿಯಾ ಬರೆದ ಮೊದಲ ಪ್ರತಿ

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷದ ಮಾತು. ಆಗ ನಾನು ಗಡಿನಾಡಿನ ಕುಂಬಳೆಯಿಂದ ಸೀತಾಂಗೋಳಿಗೆ ಹೋಗುವ ದಾರಿಯ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಅದಕ್ಕೂ ಹಿಂದೆ ಹನ್ನೊಂದು ವರ್ಷ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ್ದೆ. ಓದುಗರ ಪತ್ರಗಳ ಅಂಕಣ ನನ್ನ ಪಾಲಿಗಿತ್ತು. ಮೂರು ಪುಟದ ದೂರನ್ನು ಆರು ಸಾಲಿಗೆ ಇಳಿಸುವುದು ನನಗೆ ಕರಗತವಾಗಿತ್ತು. ಹಾಗಾಗಿ ಏಳನೇ ತರಗತಿಗೆ ಪತ್ರಲೇಖನದ ಪಾಠ ಬಂದಾಗ, ಇದು ನನ್ನ ಸ್ವಂತ ವಿಷಯ ಎಂಬ ಹಮ್ಮು ನನ್ನಲ್ಲಿತ್ತು.

ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳು. ವ್ಯಾವಹಾರಿಕ ಪತ್ರದ ಪಾಠ ಒಂದು ವಾರದಲ್ಲಿ ಮುಗಿಯಿತು. ಇವರಿಂದ, ಇವರಿಗೆ, ವಿಷಯ, ಮಾನ್ಯರೇ. ಶಾಲೆಯ ಎದುರಿನ ಒಡೆದ ನಳ್ಳಿಯ ಬಗ್ಗೆ ಪಂಚಾಯತು ಕಾರ್ಯದರ್ಶಿಗೆ ಮಕ್ಕಳು ಬರೆದದ್ದರಲ್ಲಿ ಅತ್ಯುತ್ತಮವಾದುದನ್ನು ನಿಜವಾಗಿಯೂ ಕಳಿಸಿದೆವು. ಹತ್ತೇ ದಿನದಲ್ಲಿ ನಳ್ಳಿ ರಿಪೇರಿಯಾಯಿತು. ಮಕ್ಕಳಿಗಿಂತ ಹೆಚ್ಚು ಉಬ್ಬಿದವನು ನಾನು.

ಅದೇ ಉತ್ಸಾಹದಲ್ಲಿ, ಖಾಸಗಿ ಪತ್ರವನ್ನೂ ನಿಜವಾದ ವ್ಯಕ್ತಿಗೇ ಬರೆಯಬೇಕು, ನಿಜವಾಗಿಯೇ ಕಳಿಸಬೇಕು ಎಂದೆ.

"ಸರ್, ನನ್ನ ಅಜ್ಜಿ ಮನೆಯಲ್ಲೇ ಇರುವುದು. ಅವರಿಗೆ ಎಂತ ಬರೆಯುವುದು?" ಎಂದು ಒಬ್ಬ ಕೇಳಿದ.

"ಕ್ಷೇಮವಾಗಿದ್ದೇನೆ ಅಂತ ಬರಿ."

"ಕ್ಷೇಮ ಅಂದರೆ ಅಜ್ಜಿ ಬಿಡುವುದಿಲ್ಲ ಸರ್. ಹಾಗಾದರೆ ದನಕ್ಕೆ ಹುಲ್ಲು ಹಾಕು ಮಾರಾಯ ಅಂತಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕರಿಹಲಗೆಯ ಮೇಲೆ ಖಾಸಗಿ ಪತ್ರದ ಅಂಗಗಳನ್ನು ಬರೆದೆ: ಸ್ಥಳ, ದಿನಾಂಕ, ಸಂಬೋಧನೆ, ಕ್ಷೇಮ ಸಮಾಚಾರ, ವಿಷಯ, ಮುಕ್ತಾಯ. ಒಟ್ಟು ಎಂಟು ಅಂಕ. "ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂಬ ಸಾಲಿಗೇ ಎರಡು ಅಂಕ ಇಟ್ಟೆ. ನನ್ನ ಅಧ್ಯಾಪಕರು ನನಗೆ ಕಲಿಸಿದ್ದೂ ಹಾಗೆಯೇ.

ಮಿಸ್ರಿಯಾ ಎರಡನೇ ಬೆಂಚಿನ ಹುಡುಗಿ. ಮನೆಯ ಮಾತು ಬ್ಯಾರಿ, ಶಾಲೆಯದ್ದು ಕನ್ನಡ. ಅವಳ ಉಪ್ಪ, ಅಂದರೆ ತಂದೆ, ಅಬ್ಬಾಸ್ ಇದೇ ಶಾಲೆಯಲ್ಲಿ ಕಲಿತವರು. ಶಾರ್ಜಾದಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪ್ರತಿ ಶುಕ್ರವಾರ ಅವರ ವಿಡಿಯೋ ಕಾಲ್ ಬರುತ್ತದೆ, ಫೋನ್ ಇರುವುದು ತಾಯಿ ಉಮ್ಮನ ಕೈಯಲ್ಲಿ, ಮನೆಯವರೆಲ್ಲ ಸುತ್ತ ಕೂತು ಮಾತಾಡುತ್ತಾರೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಉಪ್ಪನೊಬ್ಬನಿಗೇ ಒಂದು ಮಾತು ಹೇಳಬೇಕೆಂದರೆ ಅವಳಿಗೆ ದಾರಿಯೇ ಇರಲಿಲ್ಲ. ನಾನು ಕೊಟ್ಟ ಮನೆಗೆಲಸ ಅವಳಿಗೆ ಆ ದಾರಿ ತೆರೆಯಿತು. ಇದು ನನಗೆ ಹೊಳೆದದ್ದು ತಿಂಗಳುಗಳ ನಂತರ.

ಅವಳ ಮೊದಲ ಪ್ರತಿ ಇಷ್ಟೇ ಇತ್ತು:

"ಪ್ರೀತಿಯ ಉಪ್ಪನಿಗೆ, ಉಮ್ಮನ ಕಾಲಿನ ಗಾಯ ಇನ್ನೂ ಒಣಗಲಿಲ್ಲ. ಹೆಬ್ಬೆರಳು ಕಪ್ಪಾಗಿದೆ. ಶುಗರಿನ ಮಾತ್ರೆ ಮುಗಿದ ಮೇಲೆ ತರಲಿಲ್ಲ. ಹೇಳಬೇಡ ಅಂತ ಉಮ್ಮ ಹೇಳಿದ್ದಾರೆ. ನಾನು ಹೇಳಿದ್ದು ಅಂತ ನೀವು ಹೇಳಬೇಡಿ."

ನಾನು ಅದನ್ನು ಓದಿದ್ದು ಸ್ಟಾಫ್ ರೂಮಿನಲ್ಲಿ, ಒಂದು ಬಿಡುವಿನ ಪೀರಿಯಡ್‌ನಲ್ಲಿ. ನಲವತ್ತು ನಿಮಿಷಕ್ಕೆ ಇಪ್ಪತ್ತಮೂರು ಪುಸ್ತಕ. ಕೆಂಪು ಪೆನ್ನಿನಲ್ಲಿ ಬರೆದೆ: "ಸ್ಥಳ, ದಿನಾಂಕ ಇಲ್ಲ. ಕ್ಷೇಮ ಸಮಾಚಾರ ಇಲ್ಲ. ದೂರದಲ್ಲಿರುವವರು ಗಾಬರಿಯಾಗುವಂತೆ ಪತ್ರ ಆರಂಭಿಸಬಾರದು. ತಿದ್ದಿ ಬರೆ." ಮೂರು ಅಂಕ ಕೊಟ್ಟೆ. ಮುಂದಿನ ಪುಸ್ತಕ ಎತ್ತಿಕೊಂಡೆ.

ಪತ್ರಿಕೆಯಲ್ಲಿ ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ನಿಯಮವೆಂದರೆ, ಮುಖ್ಯವಾದ ವಿಷಯ ಮೊದಲ ಸಾಲಿನಲ್ಲೇ ಇರಬೇಕು. ಹನ್ನೆರಡು ವರ್ಷದ ಹುಡುಗಿ ಅದನ್ನು ಯಾರೂ ಕಲಿಸದೆ ಮಾಡಿದ್ದಳು. ಅದು ತಪ್ಪು ಎಂದು ನಾನು ಅವಳಿಗೆ ಕಲಿಸಿದೆ.

ಎರಡು ದಿನ ಬಿಟ್ಟು ಅವಳು ತಿದ್ದಿದ ಪ್ರತಿ ತಂದಳು. ಸ್ಥಳ, ದಿನಾಂಕ ಇದ್ದವು. "ನಾವೆಲ್ಲರೂ ಇಲ್ಲಿ ಕ್ಷೇಮ. ಉಮ್ಮ ಕ್ಷೇಮ. ಮಳೆ ಚೆನ್ನಾಗಿ ಬಂತು. ನಮ್ಮ ಶಾಲೆಯ ನಳ್ಳಿ ಸರಿಯಾಯಿತು." ಕಾಲಿನ ಸುದ್ದಿಯೇ ಇರಲಿಲ್ಲ. ಅದು ಬಿಟ್ಟುಹೋದದ್ದು ನನ್ನ ಗಮನಕ್ಕೆ ಬರಲಿಲ್ಲ ಎಂದು ಹೇಳಿದರೆ ಅರ್ಧಸತ್ಯವಾಗುತ್ತದೆ. ಅಂಗಗಳೆಲ್ಲ ಇವೆಯೇ ಎಂದಷ್ಟೇ ನಾನು ನೋಡಿದೆ. ಎಂಟಕ್ಕೆ ಎಂಟು ಕೊಟ್ಟೆ. ಅಷ್ಟು ಸಾಲದೆಂಬಂತೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, "ಪತ್ರವೆಂದರೆ ಹೀಗಿರಬೇಕು" ಎಂದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಎಂದುಕೊಂಡೆ.

ರಜೆಗೆ ಊರಿಗೆ ಬಂದಿದ್ದ ನೆರೆಯವರೊಬ್ಬರು ಶಾರ್ಜಾಕ್ಕೆ ಮರಳುವಾಗ ಹಪ್ಪಳ, ಉಪ್ಪಿನಕಾಯಿಯ ಜೊತೆಗೆ ಆ ಪತ್ರವನ್ನೂ ಕೊಂಡುಹೋದರು. ಗಲ್ಫಿಗೆ ಹೋಗುವವರ ಕೈಯಲ್ಲಿ ಕಾಗದ ಕೊಟ್ಟು ಕಳಿಸುವುದು ನಮ್ಮ ಕಡೆಯ ಹಳೆಯ ರೂಢಿ.

ಓಣಂ ರಜೆ ಕಳೆದ ಮೇಲೆ ಮಿಸ್ರಿಯಾ ಒಂಬತ್ತು ದಿನ ಶಾಲೆಗೆ ಬರಲಿಲ್ಲ. ಹತ್ತನೇ ದಿನ ಅವಳ ಜೊತೆ ಅಬ್ಬಾಸ್ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಹೆಂಡತಿಗೆ ತೀರಾ ಹೆಚ್ಚಾದ ಸುದ್ದಿ ಕೇಳಿ ಊರಿಗೆ ಬಂದು, ಅವರನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ದಾಖಲು ಮಾಡಿದ್ದರು. ಅಲ್ಲಿ ಬಲಗಾಲಿನ ಪಾದದ ಅರ್ಧ ಕತ್ತರಿಸಿ ತೆಗೆದಿದ್ದರು. ಎರಡು ತಿಂಗಳು ಮೊದಲು ತಂದಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ.

ಅವರು ಕಿಸೆಯಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಇವಳ ಉಮ್ಮ ವಿಡಿಯೋದಲ್ಲಿ ಮುಖ ಮಾತ್ರ ತೋರಿಸುವುದು ಮಾಷ್ಟ್ರೆ. ಎಂತದೋ ಉಂಟು ಅಂತ ನನಗೆ ಸಂಶಯ ಇತ್ತು. ರಜೆ ಕೇಳಿ ಇಟ್ಟಿದ್ದೆ. ಆಗ ಇದು ಬಂತು. ಹೆಂಡತಿ ಸುಳ್ಳು ಹೇಳಿಯಾಳು, ಮಗಳು ಕೈಬರಹದಲ್ಲಿ ಬರೆದದ್ದು ಸುಳ್ಳಾಗುವುದಿಲ್ಲ ಅಂತ ಎಣಿಸಿ ರಜೆಯನ್ನು ಪೆರ್ನಾಲ್ ಹಬ್ಬಕ್ಕೆ ಮುಂದೆ ಹಾಕಿದೆ."

ನಾನು ಮಿಸ್ರಿಯಾಳ ನೋಟ್ ಪುಸ್ತಕ ತರಿಸಿ ಮೊದಲ ಪ್ರತಿಯ ಪುಟ ತೆರೆದು ಅವರ ಮುಂದೆ ಇಟ್ಟೆ. ಮುಚ್ಚಿಡಬಹುದಿತ್ತು. ಅಂಥ ಯೋಚನೆ ಒಂದು ಕ್ಷಣ ಬಂದದ್ದೂ ನಿಜ. ಅವರು ಮಗಳ ಸಾಲುಗಳನ್ನು ಓದಿದರು, ಆಮೇಲೆ ನನ್ನ ಕೆಂಪು ಸಾಲುಗಳನ್ನು ಓದಿದರು. ಬೈಯುತ್ತಾರೆ ಎಂದು ಕಾದೆ.

"ನಮಗೂ ಹೀಗೇ ಕಲಿಸಿದ್ದಲ್ವಾ ಮಾಷ್ಟ್ರೆ," ಎಂದರು. "ಅಲ್ಲಿ ಜ್ವರ ಬಂದು ಮಲಗಿದ್ದಾಗಲೂ ನಾನು ಕ್ಷೇಮ ಅಂತಲೇ ಬರೆದದ್ದು."

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರು ಹೆಡ್‌ಮಾಸ್ಟರರನ್ನು ಕಾಣಲು ಹೋದರು. ಮಿಸ್ರಿಯಾ ಅಲ್ಲೇ ನಿಂತಿದ್ದಳು. ತಪ್ಪು ನನ್ನದು, ನಿನ್ನ ಮೊದಲ ಪತ್ರವೇ ಸರಿ ಇತ್ತು ಎಂದು ಅವಳಿಗೆ ಹೇಳಿದೆ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಪ್ರಶ್ನೆ ಕೇಳುವ ಹಳೆಯ ಚಾಳಿ ಬಿಡಲಿಲ್ಲ.

"ಆಮೇಲಾದರೂ ಯಾರಿಗಾದರೂ ಹೇಳಬಹುದಿತ್ತಲ್ಲ ಮಗಾ?"

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

"ನೀವು ಓದಿದ್ದಿರಲ್ಲ ಸರ್. ದೊಡ್ಡ ಸಂಗತಿ ಆಗಿದ್ದರೆ ನೀವು ಎಂತಾದರೂ ಹೇಳ್ತಿದ್ದಿರಿ ಅಂತ ಎಣಿಸಿದೆ."

ಅವಳ ಉಮ್ಮ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಅವರನ್ನು ನೋಡಲು ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಅವರು ಚಾ ಕೊಟ್ಟು, ಮಗಳ ಕನ್ನಡ ಚೆನ್ನಾಗಿ ಉಂಟಾ ಎಂದು ಕೇಳಿದ್ದಾರೆ.

ಪತ್ರಲೇಖನದ ಪಾಠ ಈಗಲೂ ಮಾಡುತ್ತೇನೆ. ಕ್ಷೇಮವಾಗಿಲ್ಲದವರು ಕ್ಷೇಮ ಎಂದು ಬರೆಯಬೇಕಾಗಿಲ್ಲ ಎಂದು ಮೊದಲ ದಿನವೇ ಹೇಳುತ್ತೇನೆ. ಮಕ್ಕಳ ಪತ್ರಗಳನ್ನು ಮೊದಲ ಸಲ ಓದುವಾಗ ಪೆನ್ನು ಹಿಡಿಯುವುದಿಲ್ಲ. ಪತ್ರ ಯಾರ ಹೆಸರಿಗೇ ಇರಲಿ, ಮೊದಲು ಓದಿದವನಿಗೂ ಅದು ಬಂದಂತೆಯೇ. ಅವನು ಅದಕ್ಕೆ ಅಂಕ ಕೊಡುವ ಮೊದಲು ಉತ್ತರ ಕೊಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿಯುವ ಹೊತ್ತಿಗೆ ಬೆಲೆ ತೆತ್ತವರು ಬೇರೆಯವರು.