ಅಡುಗೆಮನೆಯ ಸವತಿ

ವಿಜಯಪುರದ ಬಟ್ಟೆ ವ್ಯಾಪಾರಿ ಸತೀಶಕುಮಾರನ ಹೆಂಡತಿ ಮಹಾನಂದಾಗೆ ಸವತಿಯೊಬ್ಬಳಿದ್ದಾಳೆ: ಗಂಡ ಜಿಮ್ಮಿಗೆ ಹೋಗತೊಡಗಿದ ಮೇಲೆ ಮನೆ ಹೊಕ್ಕ ಪ್ರೋಟೀನ್ ಪುಡಿಯ ಡಬ್ಬಿ. ಬೆಳಿಗ್ಗೆ ಅವನು ಅದರ ಮುಚ್ಚಳ ತಿರುವಿದರೆ ಸಾಕು, ಇವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯೇ ಎಚ್ಚರಾಗುತ್ತದೆ. "ನನ್ನ ಮಡಕಿಕಾಳು, ತವರುಮನಿ ತಿಕೋಟಾದ ಶೇಂಗಾ ಚಟ್ನಿಹಿಂಡಿ, ಕೆನಿಮೊಸರು ತಿಂದು ಮೈ ಬರಲಿಲ್ಲೇನ್ರಿ ನಿಮಗ? ಆ ಬೂದಿಯೊಳಗ ಏನೈತ್ರಿ ಅಂಥಾದ್ದು?" ಎನ್ನುತ್ತಾಳೆ. ಡಬ್ಬಿಯ ಮೇಲೆ ಮಸಿ ಅರಿವೆ ಹೊದಿಸುತ್ತಾಳೆ. ಬಂದವರಿಗೆಲ್ಲ "ಇಲಿ ಔಷಧರೀ ಅದು" ಎಂದು ತೋರಿಸುತ್ತಾಳೆ. ಮೊನ್ನೆ ಯಾರೂ ಇಲ್ಲದಾಗ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಸುಣ್ಣ ನೆಕ್ಕಿದಂತಿತ್ತು. ಗೆದ್ದೆನೆಂದು ನಕ್ಕಳು, ನಗು ಅರ್ಧಕ್ಕೇ ನಿಂತಿತು. ಇಪ್ಪತ್ತು ವರ್ಷ ಅವಳ ಪಲ್ಯಕ್ಕೆ ಉಪ್ಪು ಕಮ್ಮಿ, ಖಾರ ಹೆಚ್ಚು ಎನ್ನುತ್ತಲೇ ಬಂದ ಗಂಡ, ಈ ಸುಣ್ಣವನ್ನು ಒಂದು ದಿನವೂ ಮುಖ ಸಿಂಡರಿಸದೆ ಕುಡಿಯುತ್ತಾನೆ.